ಹೊಂಗೆ ಹೂವು, ಹೊಗೆ ಮಸಿ: ನನ್ನ ಡೀಸೆಲ್ ಎಸ್‌ಯುವಿ ಜೊತೆ ಮೂರು ವರ್ಷ

ನಮ್ಮ ಮನೆ ಬೆಂಗಳೂರಿನ ಬಸವೇಶ್ವರನಗರದಲ್ಲಿ. ಆಫೀಸು ಅಲ್ಲಿಂದ ಆರು ಕಿಲೋಮೀಟರ್. ಇಷ್ಟು ಹತ್ತಿರದ ಓಡಾಟಕ್ಕೆ ನಾನು ತಂದಿದ್ದು ಡೀಸೆಲ್ ಎಸ್‌ಯುವಿ. ವರ್ಷಕ್ಕೆ ನಾಲ್ಕೈದು ಸಲ ಕುಮಟಾದ ಊರಿಗೆ ಹೋಗಬೇಕು, ಅಪ್ಪ ಅಮ್ಮ ಸೇರಿ ಆರು ಜನ, ದೇವಿಮನೆ ಘಾಟಿ ಹತ್ತಲು ಎಳೆತ ಬೇಕು ಅಂತ ಲೆಕ್ಕ ಹಾಕಿದ್ದೆ. ಉಳಿದ ದಿನಗಳಲ್ಲಿ ಗಾಡಿ ಎಲ್ಲಿ ಓಡುತ್ತದೆ ಅಂತ ಯೋಚಿಸಲೇ ಇಲ್ಲ.

ನಾಲ್ಕನೇ ತಿಂಗಳಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿಕೊಂಡಿತು. ಒಂದು ಡಬ್ಬಿಯ ಚಿತ್ರ, ಅದರೊಳಗೆ ಚುಕ್ಕಿಗಳು. ಅದಕ್ಕೂ ಮೊದಲೇ ಗಾಡಿ ಸೂಚನೆ ಕೊಡುತ್ತಲೇ ಇತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಆರ್‌ಪಿಎಂ, ಅಂದರೆ ಎಂಜಿನ್ ತಿರುಗುವ ವೇಗ ತೋರಿಸುವ ಮುಳ್ಳು ಸ್ವಲ್ಪ ಮೇಲೇರುತ್ತಿತ್ತು. ಮನೆ ಮುಂದೆ ಆಫ್ ಮಾಡಿದ ಮೇಲೂ ಫ್ಯಾನ್ ಜೋರಾಗಿ ಓಡುತ್ತಿತ್ತು. ಕೆಲವು ದಿನ ಸುಟ್ಟ ವಾಸನೆ. ಮೈಲೇಜ್ ಇದ್ದಕ್ಕಿದ್ದಂತೆ ಇಳಿಯುತ್ತಿತ್ತು. ಹೊಸ ಗಾಡಿಯಲ್ಲೇ ಏನೋ ದೋಷ ಇದೆ ಅಂತ ನನಗೆ ನಿದ್ದೆಯೇ ಬರಲಿಲ್ಲ.

ನಮ್ಮ ಬೀದಿಯ ಮೆಕ್ಯಾನಿಕ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಸರ್, ಹೈವೇಗೆ ಗಾಡಿ ತಗೊಂಡು ಹೋಗಿ ಎಷ್ಟು ದಿನ ಆಯ್ತು?"

2020ರ ಏಪ್ರಿಲ್ 1ರಿಂದ ಗಾಡಿ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂತಲ್ವಾ, ಆಮೇಲೆ ಡೀಸೆಲ್ ಕಾರುಗಳ ಹೊಗೆ ದಾರಿಯಲ್ಲಿ ಡಿಪಿಎಫ್ ಅನ್ನೋ ಜರಡಿ ಕೂತಿದೆ. ಹೊಗೆಯ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಜರಡಿ ತುಂಬುತ್ತಾ ಬಂದಾಗ ಎಂಜಿನ್ ತಾನೇ ಸ್ವಲ್ಪ ಜಾಸ್ತಿ ಡೀಸೆಲ್ ಸುರಿದು, ಅಲ್ಲಿ ಸುಮಾರು 600 ಡಿಗ್ರಿ ಶಾಖ ಎಬ್ಬಿಸಿ ಮಸಿಯನ್ನು ಸುಡುತ್ತದೆ. ಇದೇ ರೀಜನರೇಶನ್. ಒಂದೇ ಸಮನೆ ಗಾಡಿ ಓಡುತ್ತಿದ್ದರೆ ಹತ್ತಿಪ್ಪತ್ತು ನಿಮಿಷದಲ್ಲಿ ಮುಗಿಯುವ ಕೆಲಸ. ನಾನು ಪ್ರತಿ ಸಲ ಆಫೀಸು ಬಂತು ಅಂತ ಅರ್ಧಕ್ಕೇ ಆಫ್ ಮಾಡುತ್ತಿದ್ದೆ. ಒಲೆ ಮೇಲೆ ಹಾಲಿಟ್ಟು, ಕಾಯುವ ಮೊದಲೇ ದಿನಾ ಗ್ಯಾಸ್ ಆರಿಸಿದ ಹಾಗೆ.

ಭಾನುವಾರ ಬೆಳಗ್ಗೆ ಐದೂವರೆಗೆ ತುಮಕೂರು ರಸ್ತೆ ಹಿಡಿದೆ. ನೆಲಮಂಗಲ ದಾಟಿದ ಮೇಲೆ ನಾಲ್ಕನೇ ಗೇರ್, 70ರಿಂದ 80 ವೇಗ, ಆರ್‌ಪಿಎಂ 2000ಕ್ಕಿಂತ ಕೆಳಗೆ ಇಳಿಯದ ಹಾಗೆ ನೋಡಿಕೊಂಡೆ. ಡಾಬಸ್‌ಪೇಟೆ ಹತ್ತಿರ ಬರುವಾಗ ದೀಪ ಆರಿತು. ಆದರೂ ನಿಲ್ಲಿಸದೆ ಕ್ಯಾತ್ಸಂದ್ರದವರೆಗೂ ಹೋದೆ. ತಟ್ಟೆ ಇಡ್ಲಿ ತಿಂದು ಬಂದು ಸ್ಟಾರ್ಟ್ ಮಾಡಿದರೆ ಎಂಜಿನ್ ಸದ್ದೇ ಬೇರೆ, ಅಷ್ಟು ಹಗುರ. ಈಗ ಎರಡು ವಾರಕ್ಕೊಮ್ಮೆ ಈ ಓಟ ತಪ್ಪಿಸುವುದಿಲ್ಲ.

ಇನ್ನೊಂದು ವಿಷಯ, ಇದನ್ನು ತುಂಬಾ ಜನ ನೋಡುವುದೇ ಇಲ್ಲ. ರೀಜನರೇಶನ್ ಪದೇ ಪದೇ ಅರ್ಧಕ್ಕೆ ನಿಂತರೆ ಸುಡದೆ ಉಳಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಸೇರಬಹುದು. ನಾನು ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿದಾಗ ಆಯಿಲ್ ಮೇಲಿನ ಗೆರೆಗಿಂತ ಮೇಲೇ ಇತ್ತು. ಬೆರಳಿಗೆ ಹಚ್ಚಿ ಮೂಸಿದರೆ ಡೀಸೆಲ್ ವಾಸನೆ. ಆಯಿಲ್ ತೆಳ್ಳಗಾದರೆ ಎಂಜಿನ್ನಿಗೇ ಪೆಟ್ಟು. ಸರ್ವಿಸ್ ದಿನಕ್ಕೆ ಕಾಯದೆ ಬದಲಾಯಿಸಿದೆ. ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡೇ ಹಾಕಿಸಿ, ಡಿಪಿಎಫ್ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಇನ್ನು ದೀಪ ಮಿನುಗುತ್ತಾ ಎಳೆತವೂ ಕಡಿಮೆಯಾದರೆ ಹೈವೇ ಓಟ ಸಾಲದು, ಸೀದಾ ವರ್ಕ್‌ಶಾಪಿಗೆ ಹೋಗಬೇಕು.

ಜರಡಿಯನ್ನೇ ಕಿತ್ತು ಹಾಕಿಸಿ ಅಂತ ಸಲಹೆ ಕೊಟ್ಟವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಕಾನೂನಿಗೂ ವಿರುದ್ಧ, ಮೇಲಾಗಿ ಆ ಮಸಿ ಹೋಗುವುದು ನಮ್ಮ ಬೀದಿಯ ಮಕ್ಕಳ ಎದೆಯೊಳಕ್ಕೆ.

ಡಿಸೆಂಬರಿನಲ್ಲಿ ಸಿರ್ಸಿಯಲ್ಲಿ ತಂಗಿದ್ದಾಗ ಬೆಳಗ್ಗೆ ಟೈರ್ ದೀಪ ಬಂದಿತ್ತು. ಪಂಕ್ಚರ್ ಅಲ್ಲ, ಚಳಿಗೆ ಗಾಳಿಯ ಒತ್ತಡ ಇಳಿದಿತ್ತು ಅಷ್ಟೇ. ಗಾಳಿ ಹಾಕಿಸಿದೆ, ಹೋಯಿತು.

ನನ್ನನ್ನು ನಿಜಕ್ಕೂ ಹೆದರಿಸಿದ್ದು ಸನ್‌ರೂಫ್, ಅಂದರೆ ಗಾಡಿ ಚಾವಣಿಯಲ್ಲಿ ಸರಿಸಿ ತೆರೆಯುವ ಗಾಜು. ಮೇ ತಿಂಗಳ ಮೊದಲ ಜೋರು ಮಳೆಯ ಮರುದಿನ ನೋಡಿದರೆ ಡ್ರೈವರ್ ಕಾಲ ಕೆಳಗಿನ ಕಾರ್ಪೆಟ್ ಹಿಂಡುವಷ್ಟು ಒದ್ದೆ. ಗಾಜು ಸೋರುತ್ತಿದೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಸನ್‌ರೂಫ್ ಅಂಚಿನಿಂದ ಒಂದಿಷ್ಟು ನೀರು ಒಳಗಿನ ಕಾಲುವೆಗೆ ಇಳಿಯುವುದು ಸಹಜವೇ. ಅದು ಮೂಲೆಗಳಲ್ಲಿರುವ ತೆಳು ಪೈಪುಗಳಲ್ಲಿ, ಚಾವಣಿ ಹೊತ್ತ ಗಾಡಿಯ ಕಂಬದೊಳಗಿಂದ ಇಳಿದು ಗಾಡಿ ಕೆಳಗೆ ಹೋಗಬೇಕು. ನಾನು ಗಾಡಿ ನಿಲ್ಲಿಸುವುದು ಹೊಂಗೆ ಮರದ ಕೆಳಗೆ. ಗಾಜು ಸರಿಸಿ ನೋಡಿದರೆ ಬಟಾಣಿ ಗಾತ್ರದ ತೂತಿನ ಮೇಲೆ ಹೊಂಗೆ ಹೂವು ಕೊಳೆತು ಹಿಟ್ಟಿನಂತೆ ಮೆತ್ತಿಕೊಂಡಿತ್ತು.

ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರ ತಂದು ಮೆಲ್ಲಗೆ ಒಳಗೆ ತೂರಿಸಿದೆ. ಕಬ್ಬಿಣದ ತಂತಿ ಬೇಡ, ಪೈಪ್ ಹರಿದುಹೋಗುತ್ತದೆ. ಜೋರಾಗಿ ಗಾಳಿ ಊದುವುದೂ ಬೇಡ, ಒಳಗಡೆ ಪೈಪ್ ಕಳಚಿಕೊಳ್ಳಬಹುದು. ಆಮೇಲೆ ಲೋಟದಿಂದ ಸ್ವಲ್ಪ ಸ್ವಲ್ಪ ನೀರು ಬಿಟ್ಟೆ. ಮುಂದಿನ ಚಕ್ರದ ಹಿಂದೆ ತೊಟ್ಟಿಕ್ಕಿದಾಗ ಜೀವ ಬಂದಂತಾಯಿತು. ಕಾರ್ಪೆಟ್ ಎತ್ತಿ ಎರಡು ದಿನ ಒಣಗಿಸಿದೆ, ಅದರ ಕೆಳಗೆ ವೈರುಗಳಿವೆ ಅಲ್ವಾ.

ಎದುರು ಮನೆಯವರು ಮೊನ್ನೆ ಹೊಸ ಗಾಡಿ ತಂದರು. ಅದಕ್ಕೂ ಸನ್‌ರೂಫ್ ಇದೆ, ನಿಲ್ಲಿಸುವುದೂ ಅದೇ ಮರದ ಕೆಳಗೆ. ನೈಲಾನ್ ದಾರದಲ್ಲಿ ಅರ್ಧ ಕತ್ತರಿಸಿ ಅವರಿಗೆ ಕೊಟ್ಟೆ.