ಆ ಬಾಣ ಯಾರದ್ದು?

ಮೊದಲ ವರ್ಷದ ಭೌತಶಾಸ್ತ್ರದಲ್ಲಿ ನಾನು ಎಡವಿದ್ದು ಲಿಫ್ಟಿನ ಲೆಕ್ಕದಲ್ಲಿ. 60 ಕೆಜಿಯ ಮನುಷ್ಯ ತೂಕದ ಯಂತ್ರದ ಮೇಲೆ ನಿಂತಿದ್ದಾನೆ. ಲಿಫ್ಟ್ ಮೇಲಕ್ಕೆ ಹೊರಟಿದೆ, ಪ್ರತಿ ಸೆಕೆಂಡಿಗೂ ಅದರ ವೇಗ ಸೆಕೆಂಡಿಗೆ 2 ಮೀಟರಿನಷ್ಟು ಜಾಸ್ತಿ ಆಗುತ್ತಿದೆ. ಯಂತ್ರ ಅವನನ್ನು ಎಷ್ಟು ಬಲದಿಂದ ತಳ್ಳುತ್ತದೆ?

ನಾನು ಅವನ ಚಿತ್ರಕ್ಕೆ, ಒಂದೊಂದು ಬಲಕ್ಕೆ ಒಂದರಂತೆ, ಮೂರು ಬಾಣ ಬರೆದೆ. ಭೂಮಿ ಕೆಳಕ್ಕೆ ಎಳೆಯುವುದು 60 ಗುಣಿಸು 9.8, ಅಂದರೆ 588 ನ್ಯೂಟನ್. ಯಂತ್ರ ಮೇಲಕ್ಕೆ ತಳ್ಳುವುದು. ಇನ್ನೊಂದು, 'ಲಿಫ್ಟಿನ ಬಲ' ಅಂತ ಮೇಲಕ್ಕೆ 120. ಮೇಲಿನದ್ದು ಕೆಳಗಿನದ್ದಕ್ಕೆ ಸಮ ಮಾಡಿ 468 ಅಂತ ಉತ್ತರ ಬರೆದೆ. ಲಿಫ್ಟ್ ಮೇಲಕ್ಕೆ ಹೊರಟಾಗ ಕಾಲು ಭಾರವಾಗುವುದು ಎಲ್ಲರಿಗೂ ಗೊತ್ತು. ನನ್ನ ಹಾಳೆಯಲ್ಲಿ ಮಾತ್ರ ಮನುಷ್ಯ ಹಗುರವಾಗಿದ್ದ!

ಅಂದಿನಿಂದ ಪ್ರತಿ ಬಾಣಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ: ಇದು ಯಾರದ್ದು? ಒಂದೇ ಒಂದು ವಸ್ತುವನ್ನು ಆರಿಸಿಕೊಂಡು ಬೇರೆ ಬರೆಯಿರಿ. ಅದನ್ನು ಮುಟ್ಟುತ್ತಿರುವವರು ಯಾರು ಅಂತ ಸುತ್ತ ನೋಡಿ: ಹಗ್ಗ, ನೆಲ, ಕೈ. ಮುಟ್ಟದೆ ಎಳೆಯುವವರು ಈ ಹಂತದಲ್ಲಿ ಭೂಮಿ ಅಥವಾ ವಿದ್ಯುತ್ ಚಾರ್ಜ್, ಅಷ್ಟೇ. ಮಾಲೀಕನ ಹೆಸರು ಹೇಳಲಾಗದ ಬಾಣವನ್ನು ಅಳಿಸಿಬಿಡಿ. ಲಿಫ್ಟಿನಲ್ಲಿ ಮನುಷ್ಯನನ್ನು ಮುಟ್ಟುತ್ತಿರುವುದು ಯಂತ್ರ ಒಂದೇ. ಆ 120 ಬಲವಲ್ಲ, ರಾಶಿ ಗುಣಿಸು ವೇಗೋತ್ಕರ್ಷ (ವೇಗ ಏರುವ ದರ), ಅಂದರೆ 60 ಗುಣಿಸು 2. ಅದರ ಜಾಗ ಸಮೀಕರಣದ ಆಚೆ ಬದಿ. ಯಂತ್ರದ ಬಲದಲ್ಲಿ 588 ಕಳೆದರೆ 120 ಬರಬೇಕು. ಅಂದರೆ 708 ನ್ಯೂಟನ್.

ಇಳಿಜಾರಿನ ಲೆಕ್ಕಕ್ಕೂ ಇದೇ ದಾರಿ. ಅಕ್ಷವನ್ನು ಇಳಿಜಾರಿನ ಉದ್ದಕ್ಕೆ ಓರೆಯಾಗಿ ಇಟ್ಟುಕೊಳ್ಳಿ. ತೂಕದಲ್ಲಿ ಇಳಿಜಾರಿನ ಉದ್ದಕ್ಕೆ ಎಳೆಯುವ ಭಾಗಕ್ಕೆ ಸೈನೋ ಕೊಸೈನೋ ಅಂತ ಗೊಂದಲವಾದರೆ ಕೋನ ಸೊನ್ನೆ ಮಾಡಿ ನೋಡಿ. ಸಮತಟ್ಟು ನೆಲದಲ್ಲಿ ಯಾವುದೂ ತಾನಾಗಿ ಜಾರುವುದಿಲ್ಲ ಅಲ್ವಾ, ಹಾಗಾದರೆ ಜಾರಿಸುವ ಭಾಗಕ್ಕೆ ಸೈನ್.

ಗುರುತ್ವದಲ್ಲಿ ಜನ ತಪ್ಪುವುದು ದೂರದಲ್ಲಿ. ನೆಲದಿಂದ 400 ಕಿಲೋಮೀಟರ್ ಎತ್ತರ ಅಂದರೆ ಸೂತ್ರಕ್ಕೆ ಹಾಕಬೇಕಾದ್ದು 400 ಅಲ್ಲ, ಭೂಮಿಯ ನಡುವಿನಿಂದ ಅಳೆದ ಸುಮಾರು 6,770. ಅಲ್ಲಿ ಗುರುತ್ವದ ವೇಗೋತ್ಕರ್ಷ ನೆಲದ ಮೇಲಿನ 9.8ರಿಂದ ಇಳಿದು 8.7ರ ಹತ್ತಿರ ಬರುತ್ತದೆ, ಅಷ್ಟೇ. ಗಗನಯಾತ್ರಿಗಳು ತೇಲುವುದು ಗುರುತ್ವ ಇಲ್ಲ ಅಂತಲ್ಲ, ನೌಕೆಯೂ ಅವರೂ ಒಟ್ಟಿಗೆ ಬೀಳುತ್ತಲೇ ಇದ್ದಾರೆ ಅಂತ.

ಇನ್ನು ವಿದ್ಯುತ್ ಕ್ಷೇತ್ರ. ಹೆದರಿಸುವ ಹೆಸರು, ಆದರೆ ಕೆಲಸ ಹಳೆಯದೇ. ಕೇಳಿದ ಜಾಗದಲ್ಲಿ ಒಂದು ಪುಟ್ಟ ಧನ ಚಾರ್ಜ್ ಇಟ್ಟಂತೆ ಅಂದುಕೊಳ್ಳಿ. ಅದನ್ನು ಯಾರು, ಯಾವ ಕಡೆಗೆ ತಳ್ಳುತ್ತಾರೆ ಅಂತ ಬಾಣ ಬರೆಯಿರಿ. ಪ್ಲಸ್ ಮೈನಸ್ ಚಿಹ್ನೆಯನ್ನು ಸೂತ್ರದೊಳಗೆ ತುರುಕಬೇಡಿ. ದಿಕ್ಕು ಬಾಣ ಹೇಳಲಿ, ಸೂತ್ರ ಬರೀ ಎಷ್ಟು ಅಂತ ಹೇಳಲಿ.

ಎಡಕ್ಕೆ 4 ಮೈಕ್ರೋಕೂಲಂಬಿನ (ಇದು ಚಾರ್ಜಿನ ಅಳತೆ) ಒಂದು ಚಾರ್ಜ್, ಅದರಿಂದ 30 ಸೆಂಟಿಮೀಟರ್ ಬಲಕ್ಕೆ 1 ಮೈಕ್ರೋಕೂಲಂಬ್, ಎರಡೂ ಧನ. ಕ್ಷೇತ್ರ ಎಲ್ಲಿ ಸೊನ್ನೆ? ನಡುವೆ ನಿಂತರೆ ಎರಡು ಬಾಣ ಎದುರುಬದುರು, ಹಾಗಾಗಿ ಉತ್ತರ ಅಲ್ಲೇ ಎಲ್ಲೋ ಇದೆ. ಕ್ಷೇತ್ರದ ಬಲ ಚಾರ್ಜನ್ನು ದೂರದ ವರ್ಗದಿಂದ ಭಾಗಿಸಿದ್ದಕ್ಕೆ ಅನುಪಾತದಲ್ಲಿರುತ್ತದೆ. ದೊಡ್ಡದರಿಂದ 20 ಸೆಂಟಿಮೀಟರ್ ದೂರದಲ್ಲಿ ನೋಡಿ. 4ನ್ನು 20ರ ವರ್ಗದಿಂದ ಭಾಗಿಸಿದರೂ 1ನ್ನು 10ರ ವರ್ಗದಿಂದ ಭಾಗಿಸಿದರೂ ನೂರರಲ್ಲೊಂದು. ಸಿಕ್ಕಿತು.

ಈಗ ಚಿಕ್ಕದನ್ನು ಋಣ ಮಾಡಿ. ಎರಡು ಕ್ಷೇತ್ರಗಳ ಗಾತ್ರವನ್ನು ಸಮ ಮಾಡಿದರೆ ಬೀಜಗಣಿತ ಎರಡು ಉತ್ತರ ಕೊಡುತ್ತದೆ: ದೊಡ್ಡದರಿಂದ 60 ಸೆಂಟಿಮೀಟರ್, ಮತ್ತೆ ಅದೇ 20. ಸುಮ್ನೆ ಎರಡನ್ನೂ ಬರೆದು ಬರಬೇಡಿ. 20ರಲ್ಲಿ ದೊಡ್ಡದು ಬಲಕ್ಕೆ ತಳ್ಳುತ್ತದೆ, ಚಿಕ್ಕದೂ ಬಲಕ್ಕೇ ಎಳೆಯುತ್ತದೆ. ಅಲ್ಲಿ ಕ್ಷೇತ್ರ ಸೊನ್ನೆಯಲ್ಲ, ಕೂಲಂಬಿಗೆ 18 ಲಕ್ಷ ನ್ಯೂಟನ್. ಸೊನ್ನೆ ಇರುವುದು 60ರಲ್ಲಿ, ಚಿಕ್ಕ ಚಾರ್ಜನ್ನು ದಾಟಿ 30 ಸೆಂಟಿಮೀಟರ್ ಆಚೆ.