ಟ್ಯಾಂಕ್ ಇವತ್ತು ತನ್ನಿ, ಮೀನು ಮುಂದಿನ ತಿಂಗಳು

ನನ್ನ ಮೊದಲ ಅಕ್ವೇರಿಯಂಗೆ ಟ್ಯಾಂಕನ್ನೂ ಮೀನನ್ನೂ ಒಂದೇ ದಿನ ತಂದಿದ್ದೆ. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ನೀರು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿತ್ತು. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಒದ್ದಾಡುತ್ತಿದ್ದವು. ವಾರ ಕಳೆಯುವಷ್ಟರಲ್ಲಿ ಒಂದೂ ಉಳಿಯಲಿಲ್ಲ. ನಿಮ್ಮ ಮನೆಯಲ್ಲಿ ಹಾಗಾಗಬಾರದು.

ಮೊದಲ ಸಲಕ್ಕೆ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕ್ ಸಾಕು. ಸುಮಾರು 55 ಲೀಟರ್ ಹಿಡಿಯುತ್ತದೆ. ಪುಟ್ಟ ಬೌಲ್ ಬೇಡವೇ ಬೇಡ, ಅದರಲ್ಲಿ ನೀರು ಬೇಗ ಕೆಡುತ್ತದೆ. ಕಲ್ಲು, ನೀರು, ಗಾಜು ಎಲ್ಲ ಸೇರಿ 70 ಕಿಲೋ ಆದರೂ ಆದೀತು. ಹಾಗಾಗಿ ಗಟ್ಟಿ ಸ್ಟ್ಯಾಂಡ್ ಇರಲಿ, ಟ್ಯಾಂಕಿನ ಅಡಿಗೆ ಥರ್ಮಾಕೋಲ್ ಹಾಳೆ ಹಾಕಿ. ಕಿಟಕಿಯ ಬಿಸಿಲು ನೇರ ಬಿದ್ದರೆ ಪಾಚಿ ಕಟ್ಟುತ್ತದೆ.

ಸಣ್ಣ ಕಲ್ಲನ್ನು ನೀರು ತಿಳಿಯಾಗುವವರೆಗೆ ತೊಳೆದು ಹರಡಿ. ಸೋಪು ಮಾತ್ರ ಮುಟ್ಟಿಸಬೇಡಿ. ಕಲ್ಲಿನ ಮೇಲೆ ಒಂದು ತಟ್ಟೆ ಇಟ್ಟು ಅದರ ಮೇಲೆ ನೀರು ಸುರಿದರೆ ಕಲ್ಲು ಕದಡುವುದಿಲ್ಲ. ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ಹನಿ ಅಂಗಡಿಯಲ್ಲಿ ಸಿಗುತ್ತದೆ. ಬಾಟಲಿಯ ಮೇಲೆ ಬರೆದಷ್ಟೇ ಹಾಕಿ. ಈಗ ಸ್ಪಾಂಜ್ ಫಿಲ್ಟರ್ ಹಚ್ಚಿ, ಹಗಲೂ ರಾತ್ರಿ ಓಡಲಿ. ನೀರು 24ರಿಂದ 27 ಡಿಗ್ರಿ ಇರಬೇಕು. ಮಂಗಳೂರಿನವರಿಗೆ ಹೀಟರ್ ಅಷ್ಟಾಗಿ ಬೇಕಾಗುವುದಿಲ್ಲ, ಬೆಂಗಳೂರಿನ ಚಳಿಗಾಲಕ್ಕೆ ಬೇಕು.

ಇನ್ನು ಕಾಯುವ ಕೆಲಸ. ಎಲ್ಲರೂ ಎಡವುವುದು ಇಲ್ಲೇ. ಮೀನಿನ ಗಲೀಜು, ಉಳಿದ ಆಹಾರ ಕೊಳೆತರೆ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ಅಷ್ಟೇನೂ ಕೆಡುಕಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಾಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಖಾಲಿ ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ. ಟೆಸ್ಟ್ ಕಿಟ್ ತಂದು ವಾರಕ್ಕೆರಡು ಸಲ ನೋಡಿ. ಆಹಾರ ಹಾಕುತ್ತಿದ್ದರೂ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿ, ನೈಟ್ರೇಟ್ ಕಂಡರೆ ಟ್ಯಾಂಕ್ ಸಿದ್ಧ. ಮೂರನೇ ವಾರ ಮಕ್ಕಳು "ಮೀನೆಲ್ಲಿ?" ಅಂತ ಪೀಡಿಸುತ್ತಾರೆ. ದಯವಿಟ್ಟು ಸೋಲಬೇಡಿ.

ನಿಮ್ಮದು ಗಡಸು ಬೋರ್‌ವೆಲ್ ನೀರಾದರೆ ಗಪ್ಪಿ, ಪ್ಲಾಟಿ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಗಂಡು ಮಾತ್ರ ತನ್ನಿ, ಇಲ್ಲದಿದ್ದರೆ ಮರಿ ಜಾಸ್ತಿಯಾಗಿ ಜಾಗ ಸಾಲುವುದಿಲ್ಲ. ಮೆದು ನೀರಾದರೆ ಆರು ನಿಯಾನ್ ಟೆಟ್ರಾ ಸಾಕಬಹುದು, ಆದರೆ ಎರಡು ತಿಂಗಳು ಕಳೆಯಲಿ. ಗೋಲ್ಡ್ ಫಿಶ್ ಇವುಗಳ ಜೊತೆ ಬೇಡ. ಅದು ತಣ್ಣೀರಿನ ಮೀನು, ಗಲೀಜೂ ಜಾಸ್ತಿ.

ಮೊದಲ ದಿನ ಮೂರು ನಾಲ್ಕೇ ಮೀನು ತನ್ನಿ. ಕವರನ್ನು ಬಿಚ್ಚದೆ 20 ನಿಮಿಷ ಟ್ಯಾಂಕಿನಲ್ಲಿ ತೇಲಿಸಿ. ಆಮೇಲೆ ಬಾಯಿ ಬಿಚ್ಚಿ, ಐದೈದು ನಿಮಿಷಕ್ಕೆ ಅರ್ಧ ಲೋಟ ಟ್ಯಾಂಕಿನ ನೀರು ಅದಕ್ಕೆ ಸೇರಿಸುತ್ತಾ ಹೋಗಿ. ಕೊನೆಗೆ ಬಲೆಯಿಂದ ಮೀನನ್ನಷ್ಟೇ ಎತ್ತಿ ಬಿಡಿ, ಅಂಗಡಿಯ ನೀರು ಒಳಗೆ ಬೇಡ. ಅಂದು ಲೈಟ್ ಆರಿಸಿ ಅವುಗಳನ್ನು ಸುಮ್ನೆ ಬಿಟ್ಟುಬಿಡಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಕೊಡಿ.

ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು, ಕ್ಲೋರಿನ್ ತೆಗೆದ ಹೊಸ ನೀರು ತುಂಬಿಸಿ. ಸ್ಪಾಂಜನ್ನು ನಲ್ಲಿ ಕೆಳಗೆ ತೊಳೆದರೆ ತಿಂಗಳಿಡೀ ಬೆಳೆಸಿದ ಬ್ಯಾಕ್ಟೀರಿಯಾ ಸತ್ತುಹೋಗುತ್ತವೆ. ತೆಗೆದ ನೀರಿರುವ ಬಕೆಟಿನಲ್ಲೇ ಅದನ್ನು ಎರಡು ಸಲ ಹಿಂಡಿ, ಸಾಕು. ಆ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿ, ಅದರಲ್ಲಿರುವ ನೈಟ್ರೇಟ್ ಗಿಡಕ್ಕೆ ಗೊಬ್ಬರ.