ತೋಡಿನ ಕಲ್ಲು ಮಗುಚಿ ನೋಡಿ, ನೇತ್ರಾವತಿಯ ಆರೋಗ್ಯ ಗೊತ್ತಾಗುತ್ತದೆ

ಮಂಗಳೂರಿನ ನಲ್ಲಿಗೆ ನೀರು ಬರುವುದು ತುಂಬೆಯ ಕಿಂಡಿ ಅಣೆಕಟ್ಟಿನಿಂದ. ತುಂಬೆಗೆ ಎಲ್ಲಿಂದ? ಕುದುರೆಮುಖದ ಕಡೆಯಿಂದ ಇಳಿಯುವ ನೇತ್ರಾವತಿಯಿಂದ, ಉಪ್ಪಿನಂಗಡಿಯಲ್ಲಿ ಅದನ್ನು ಸೇರುವ ಕುಮಾರಧಾರೆಯಿಂದ, ಜೊತೆಗೆ ನಮ್ಮ ನಿಮ್ಮ ತೋಟದ ಬದಿಯ ಸಣ್ಣ ಸಣ್ಣ ತೋಡುಗಳಿಂದ, ಅಂದರೆ ಹಳ್ಳಗಳಿಂದ. ನದಿಯನ್ನು ನೋಡಿಕೊಳ್ಳುವ ಕೆಲಸ ಈ ತೋಡುಗಳಲ್ಲೇ ಶುರುವಾಗಬೇಕು.

ಬಾಟಲಿಯಲ್ಲಿ ನೀರು ತುಂಬಿ ಲ್ಯಾಬಿಗೆ ಕಳಿಸಿದರೆ ಆ ಗಳಿಗೆಯ ಸ್ಥಿತಿ ಮಾತ್ರ ತಿಳಿಯುತ್ತದೆ. ಹತ್ತು ದಿನದ ಹಿಂದೆ ರಾತ್ರಿ ಏನೋ ಹರಿದು ಹೋಗಿದ್ದರೆ ಅದು ಗೊತ್ತಾಗುವುದಿಲ್ಲ. ಆದರೆ ಕಲ್ಲಿನಡಿಯ ಹುಳಗಳು ವಾರಗಟ್ಟಲೆ, ಕೆಲವು ತಿಂಗಳುಗಟ್ಟಲೆ ಅಲ್ಲೇ ಇರುತ್ತವೆ. ಅವು ಒಟ್ಟಿಗೇ ಕಾಣೆಯಾದರೆ ಏನೋ ಆಗಿರಬಹುದು ಎಂದು ಅರ್ಥ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಇಂಥ ಜೀವಿಗಳ ಲೆಕ್ಕದ ಮೇಲೆ ನದಿ ನೀರನ್ನು 5 ದರ್ಜೆಗಳಾಗಿ ವಿಂಗಡಿಸುವ ಕ್ರಮ ಮಾಡಿದೆ.

ಮೊದಲು ಜಾಗ ಗೊತ್ತುಮಾಡಿ. ಮೊಣಕಾಲಿಗಿಂತ ಕಡಿಮೆ ನೀರು ಕಲ್ಲುಗಳ ಮೇಲೆ ಓಡುವ ಕಡೆ ಒಳ್ಳೆಯದು. ಪ್ರತಿ ಸಲವೂ ಅದೇ ಜಾಗ, ಅಷ್ಟೇ ಹೊತ್ತು, ಅದೇ ಕ್ರಮ. ಇದರಲ್ಲಿ ರಾಜಿ ಬೇಡ, ಇಲ್ಲದಿದ್ದರೆ ಹೋಲಿಸಲು ಏನೂ ಉಳಿಯುವುದಿಲ್ಲ. ವರ್ಷಕ್ಕೆ ಮೂರು ಸಲ ಸಾಕು: ದೀಪಾವಳಿ ಕಳೆದು ನೀರು ತಿಳಿಯಾದಾಗ, ಫೆಬ್ರವರಿಯಲ್ಲಿ, ಮತ್ತೆ ಪತ್ತನಾಜೆಗೆ (ಮೇ ಕೊನೆಯ ವಾರ ಬರುವ ತುಳುನಾಡಿನ ಆಚರಣೆ) ಮೊದಲು. ಮಳೆಗಾಲದಲ್ಲಿ ಇಳಿಯಲೇಬೇಡಿ. ಕಾಲಿನಲ್ಲಿ ಗಾಯ ಇದ್ದರೆ ಗಂಬೂಟು ಹಾಕಿ, ಇಲಿಜ್ವರದ ಊರು ನಮ್ಮದು.

ಸಾಮಾನು ಜಾಸ್ತಿ ಇಲ್ಲ. ಹಳೆ ಸೊಳ್ಳೆಪರದೆಯ ತುಂಡನ್ನು ಎರಡು ಕೋಲಿಗೆ ಕಟ್ಟಿದರೆ ಬಲೆ. ಒಂದು ಬಿಳಿ ಟ್ರೇ, ಚಮಚ, ಪುಸ್ತಕ, ಪೆನ್ಸಿಲ್. ಒಬ್ಬರು ಬಲೆಯನ್ನು ನೀರು ಹರಿದು ಹೋಗುವ ಕಡೆ ಹಿಡಿಯಲಿ. ಇನ್ನೊಬ್ಬರು ಅದರ ಮೇಲ್ಗಡೆಯ ಕಲ್ಲುಗಳನ್ನು ಕೈಯಿಂದ ಒಂದು ನಿಮಿಷ ಉಜ್ಜಲಿ. ಹೀಗೆ ಮೂರು ಕಡೆ ಮಾಡಿ. ಬಲೆಗೆ ಬಂದದ್ದನ್ನು ಟ್ರೇಯಲ್ಲಿ ತೋಡಿನದೇ ನೀರಿಗೆ ಬಿಟ್ಟು ಎರಡು ನಿಮಿಷ ಸುಮ್ನೆ ಕಾಯಿರಿ.

ಆಗ ಕಸ ಅಂದುಕೊಂಡದ್ದು ನಡೆಯಲು ಶುರುಮಾಡುತ್ತದೆ. ನಾನು ಮೊದಲ ಸಲ ನೋಡಿದ್ದು ಅಕ್ಕಿಕಾಳಿನಷ್ಟು ಉದ್ದದ ಒಂದು ಹೊಯ್ಗೆಯ (ಮರಳಿನ) ಕೊಳವೆ. ಕಾಳು ಕಾಳು ಹೊಯ್ಗೆ ಅಂಟಿಸಿ ಕಟ್ಟಿದ ಮನೆ ಅದು. ತುದಿಯಿಂದ ಆರು ಕಾಲು ಹೊರಗೆ ಬಂದು, ಮನೆಯನ್ನೇ ಎಳೆದುಕೊಂಡು ಹೊರಟಿತು. ಅದು ಕ್ಯಾಡಿಸ್ ಎಂಬ ಕೀಟದ ಮರಿ. ಹೊಟ್ಟೆಯ ಎರಡೂ ಬದಿ ಕಿವಿರು ಅಲ್ಲಾಡುತ್ತಿದ್ದು ಸಾಮಾನ್ಯವಾಗಿ ಮೂರು ಬಾಲ ಇದ್ದರೆ ಮೇಫ್ಲೈ ಎಂಬ ಕೀಟದ ಮರಿ. ಎರಡು ಬಾಲ, ಚಪ್ಪಟೆ ಮೈ ಇದ್ದರೆ ಕಲ್ಲುನೊಣದ ಮರಿ. ಈ ಮೂರೂ ಸಿಕ್ಕಿದರೆ ಖುಷಿಪಡಿ, ಕಲ್ಲುನೊಣವಂತೂ ಚೊಕ್ಕ ನೀರು, ಒಳ್ಳೆ ಆಮ್ಲಜನಕ ಇಲ್ಲದೆ ಬದುಕುವುದಿಲ್ಲ. ಏರೋಪ್ಲೇನ್ ಚಿಟ್ಟೆಯ ಮರಿ ನಡುಮಟ್ಟದ ನೀರಿನಲ್ಲೂ ಇರುತ್ತದೆ. ಬರೀ ಕೆಂಪು ಹುಳಗಳೇ ತುಂಬಿದ್ದರೆ ಚಿಂತಿಸಬೇಕು. ಅವುಗಳ ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ಕಡಿಮೆಯಾದ ಕೊಳಕು ನೀರಲ್ಲೂ ಬಾಳುತ್ತವೆ.

ಎಷ್ಟು ಬಗೆ, ಪ್ರತಿಯೊಂದು ಎಷ್ಟು ಅಂತ ಬರೆದು, ಫೋಟೋ ತೆಗೆದು, ಎಲ್ಲವನ್ನೂ ವಾಪಸ್ ಬಿಡಿ. ಕಲ್ಲುಗಳನ್ನು ಮೊದಲಿದ್ದ ಹಾಗೆಯೇ ಇಡಿ, ಅಡಿಭಾಗ ಅಡಿಗೇ ಬರಲಿ. ದಡದಲ್ಲಿ ಮೀನಿನ ಚಿಪ್ಪು ತುಂಬಿದ ಹಿಕ್ಕೆ ಕಂಡರೆ ಅದು ನೀರುನಾಯಿಯದಿರಬಹುದು, ಬರೆದಿಡಿ. ಆದರೆ ಜಾಗವನ್ನು ವಾಟ್ಸಾಪಿನಲ್ಲಿ ಹಂಚಬೇಡಿ.

ಕಾಪಾಡುವುದು ಹೇಗೆ? ನಮ್ಮ ಕಡೆ ನನಗೆ ದೊಡ್ಡ ಅಪಾಯವಾಗಿ ಕಾಣುವುದು ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಟ್ಟ ಮೇಲೆ ಡ್ರಮ್, ಪಂಪನ್ನು ತೋಡಿನಲ್ಲೇ ತೊಳೆಯುವ ಅಭ್ಯಾಸ ನಮ್ಮ ಮನೆಯಲ್ಲೂ ಇತ್ತು. ತಾಮ್ರ ಮೀನಿಗೂ ಹುಳಕ್ಕೂ ವಿಷ. ತೊಳೆದ ನೀರನ್ನು ತೋಡಿನಿಂದ ದೂರದ ಗುಂಡಿಗೆ ಬಿಡಿ. ದಡದ ಹೊಂಗೆ, ಹೊಳೆದಾಸವಾಳ, ಮುಂಡುಗದ ಪೊದೆ ಕಡಿಯಬೇಡಿ. ಬೇರು ದಡವನ್ನು ಹಿಡಿಯುತ್ತದೆ, ನೆರಳು ನೀರನ್ನು ತಂಪಾಗಿಡುತ್ತದೆ, ಬಿದ್ದ ಎಲೆ ಹುಳಗಳಿಗೆ ಊಟ. ಅಕ್ವೇರಿಯಂ ಮೀನು ಬಿಡುವುದು, ತೋಟೆ (ಸಿಡಿಮದ್ದು) ಸಿಡಿಸುವುದು, ವಿಷ ಹಾಕುವುದು ಬೇಡವೇ ಬೇಡ. ಶಿಶಿಲದ ದೇವಸ್ಥಾನದ ಬಳಿ ಕಪಿಲಾ ಹೊಳೆಯ ದೇವರ ಮೀನುಗಳಿಗೆ 1996ರಲ್ಲಿ ವಿಷ ಹಾಕಿ ಕೊಂದರು. ಸತ್ತ ಮೀನುಗಳಿಗೆ ಅಲ್ಲಿ ಸ್ಮಾರಕವೇ ಇದೆ. ಆ ಹೊಳೆಯ ನೀರು ಕೊನೆಗೆ ಸೇರುವುದು ನೇತ್ರಾವತಿಯನ್ನೇ ಅಲ್ವಾ?

ಒಂದು ಸಲ ಏನೂ ಸಿಗದಿದ್ದರೆ ಪುಸ್ತಕದಲ್ಲಿ ಸೊನ್ನೆ ಎಂದೇ ಬರೆಯಿರಿ, ಅದೂ ಮಾಹಿತಿ. ಆಮೇಲೆ ತೋಡಿನ ಮೇಲ್ಗಡೆಗೆ ನಡೆಯುತ್ತಾ ಅಲ್ಲಲ್ಲಿ ಕಲ್ಲು ಮಗುಚಿ ನೋಡಿ. ಮೇಫ್ಲೈ ಮತ್ತೆ ಎಲ್ಲಿ ಸಿಗುತ್ತದೋ, ಅದಕ್ಕೂ ನಿಮ್ಮ ಜಾಗಕ್ಕೂ ನಡುವೆ ಹುಡುಕಬೇಕು: ಒಂದು ಪೈಪೋ, ಹೊಯ್ಗೆ ತೆಗೆದ ಗುಂಡಿಯೋ, ಡ್ರಮ್ ತೊಳೆದ ಗುರುತೋ ಇರಬಹುದು. ದಿನಾಂಕ, ಫೋಟೋ ಸಮೇತ ಪಂಚಾಯತ್‌ಗೆ ಬರೆದು ಕೊಡಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯತ್‌ನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮ ಪಟ್ಟಿಯನ್ನು ಅದರ ದಾಖಲಾತಿಗೆ ಸೇರಿಸಲು ಕೇಳಿ, ಸ್ವೀಕೃತಿ ಪಡೆದುಕೊಳ್ಳಿ.